ಎರಡನೆಯ ಪಿಟೀಲು

ಇಂಗ್ಲಿಷಿನಲ್ಲಿ ಸೆಕೆಂಡ್ ಫಿಡಲ್ ಎಂದು ಒಂದು ಮಾತಿದೆ. ಒಬ್ಬರು ಮುಂದೆ ನಿಂತು ಮೆರೆಯುವಾಗ ಅವರ ಪಕ್ಕದಲ್ಲಿ, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವರನ್ನು ಹೀಗೆ ಕರೆಯುತ್ತಾರೆ. ಆ ಭಾಷೆಯಲ್ಲಿ ಈ ಮಾತಿಗೆ ಸುಮಾರು 200 ವರ್ಷ ವಯಸ್ಸಂತೆ. ನಮ್ಮ ಹೊಸಪೇಟೆಯಂಥ ಊರಿಗೆ ಬಂದದ್ದು ಈಚೆಗೆ. ಮೊದಲು ಕಾನ್ವೆಂಟಿನಲ್ಲಿ ಓದಿದವರ ಬಾಯಲ್ಲಷ್ಟೇ ಇತ್ತು. ಈಗ ಮಹಿಳಾ ಮಂಡಳಿಯ ಸಭೆಯಲ್ಲಿ, ಆಫೀಸಿನ ಊಟದ ಬಿಡುವಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಕೇಳಿಸುತ್ತದೆ. "ನಾನೇನು ಅವರಿಗೆ ಸೆಕೆಂಡ್ ಫಿಡಲ್ ಏನ್ರಿ?" ಎಂದು ಒಬ್ಬಾಕೆ ಮೂಗು ಕೆಂಪಗೆ ಮಾಡಿಕೊಂಡು ಕೇಳಿದರೆ ಪಕ್ಕದಲ್ಲಿದ್ದವರಿಗೆಲ್ಲ ಅರ್ಥವಾಗುತ್ತದೆ. ಪಿಟೀಲನ್ನು ಹತ್ತಿರದಿಂದ ನೋಡದವರಿಗೂ ಅರ್ಥವಾಗುತ್ತದೆ. ಹಾಗೆ ಕೇಳುವವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನೂ ನಾನು ಗಮನಿಸಿದ್ದೇನೆ. ಗಂಡಸೊಬ್ಬ ಹಾಗೆ ಕೇಳಿದ್ದನ್ನು ನಾನಂತೂ ಈವರೆಗೆ ಕೇಳಿಲ್ಲ.

ಫಿಡಲ್ ಎಂಬ ಶಬ್ದ ಮಾತ್ರ ನಮಗೆ ಹೊಸದಲ್ಲ. ನಮ್ಮ ಹಿರಿಯರು ಅದನ್ನು ಯಾವತ್ತೋ ಬಾಯಲ್ಲಿ ಹೊರಳಿಸಿ ಪಿಟೀಲು ಮಾಡಿಕೊಂಡರು. ಮಾಡಿಕೊಂಡು ಸುಮ್ಮನೆ ಬಿಟ್ಟರೇ? ತಲೆ ತಿನ್ನುವವರು ದೂರದಲ್ಲಿ ಕಂಡರೆ "ಬಂದ ನೋಡು ಪಿಟೀಲು ಕುಯ್ಯೋಕೆ" ಎಂದರು. ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ ಎಂದು ಪತ್ರಿಕೆಗಳು ಇವತ್ತಿಗೂ ಬರೆಯುತ್ತವೆ. ಪಾಪ, ಅವನ ಕಾಲಕ್ಕೆ ಪಿಟೀಲು ಹುಟ್ಟಿರಲೇ ಇಲ್ಲ. ಅದು ಇಂದಿನ ರೂಪಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಇಟಲಿಯಲ್ಲಿ. ಅಂದರೆ ನಮ್ಮ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದ, ಪುರಂದರದಾಸರು ತಂಬೂರಿ ಹಿಡಿದು ತಿರುಗುತ್ತಿದ್ದ ಕಾಲದಲ್ಲಿ.

ಸಂಗೀತದ ಮಾತುಗಳನ್ನು ನಿತ್ಯದ ಬಳಕೆಗೆ ತಂದುಕೊಳ್ಳುವುದರಲ್ಲಿ ಕನ್ನಡದವರೂ ಹಿಂದೆ ಬಿದ್ದವರಲ್ಲ. ಅವನ ಮಾತಿಗೆ ಇವನು ತಾಳ ಹಾಕುತ್ತಾನೆ. ಪುಢಾರಿ ಒಬ್ಬ ಬಂದರೆ ಅವನ ಹಿಂದೆ ಹಿಮ್ಮೇಳ ಬರುತ್ತದೆ. ಮುಂದೆ ನಿಂತು ಹಾಡುವವನನ್ನು ಬಯ್ಯಲು ನಮ್ಮಲ್ಲಿ ಮಾತು ಕಡಿಮೆ, ಹೆಚ್ಚೆಂದರೆ ರಾಗ ಎಳೆಯುತ್ತಾನೆ ಎನ್ನುತ್ತೇವೆ. ಪಕ್ಕದಲ್ಲಿ, ಹಿಂದೆ ನಿಂತವರನ್ನು ಹಂಗಿಸಲು ಮಾತ್ರ ಬೇಕಾದಷ್ಟಿವೆ. ಆದರೆ ಕಂಪ್ಲಿಯ ಕಡೆ ಬಯಲಾಟ ನೋಡಿದವರಿಗೆ ಗೊತ್ತು, ಹಿಮ್ಮೇಳವೆಂದರೆ ಅಂಥ ಬಡಪಾಯಿಯಲ್ಲ. ಕುಮಾರರಾಮನ ವೇಷ ಎಷ್ಟೇ ಮೈಕಟ್ಟಿನದಾಗಿರಲಿ, ಹಿಂದಿನವರು ಪದ ಎತ್ತಿಕೊಡದೆ, ಮದ್ದಳೆಯವನು ಪೆಟ್ಟು ಕೊಡದೆ ಅವನ ಹೆಜ್ಜೆ ಏಳುವುದಿಲ್ಲ. ಬೆಳಗಿನ ಜಾವದವರೆಗೆ ಆಟವನ್ನು ಎಳೆದುಕೊಂಡು ಹೋಗುವವರು ಅವರು. ಚಪ್ಪಾಳೆ ಮಾತ್ರ ಕಿರೀಟಕ್ಕೆ.

ಇಂಗ್ಲಿಷಿನವರ ಮಾತಿಗೂ ಇದೇ ಗತಿ. ಅವರ ದೊಡ್ಡ ವಾದ್ಯಮೇಳದಲ್ಲಿ ಪಿಟೀಲಿನವರ ಎರಡು ಗುಂಪುಗಳಿರುತ್ತವೆ, ಮೊದಲನೆಯದು, ಎರಡನೆಯದು. ಹೈಡನ್, ಮೊಜಾರ್ಟ್ ಮೊದಲಾದವರು ನಾಲ್ಕೇ ವಾದ್ಯಗಳಿಗೆಂದು ಬರೆದ ಸಂಗೀತದಲ್ಲೂ ಎರಡು ಪಿಟೀಲುಗಳುಂಟು. ಮೊದಲನೆಯದು ಹೆಚ್ಚಾಗಿ ಮೇಲಿನ ಸ್ವರಗಳಲ್ಲಿ, ಎಲ್ಲರ ಕಿವಿಗೆ ಬೀಳುವ ಮಟ್ಟನ್ನು ನುಡಿಸುತ್ತದೆ. ಎರಡನೆಯದು ಅದರ ಕೆಳಗೆ ಬೇರೆಯೇ ಸ್ವರಗಳನ್ನು ಹಿಡಿದು ನಡುವಿನ ಜಾಗ ತುಂಬುತ್ತದೆ. ಆಗಾಗ ಮಟ್ಟನ್ನು ತಾನೇ ಕೈಗೆ ತೆಗೆದುಕೊಳ್ಳುವುದೂ ಉಂಟು. ಅದು ಮೊದಲನೆಯದರ ನಕಲಲ್ಲ. ಅದನ್ನು ತೆಗೆದುಬಿಟ್ಟರೆ ಸಾರಿನಲ್ಲಿ ಬೇಳೆ ಇಲ್ಲದ ಹಾಗೆ. ಮೇಲೆ ಒಗ್ಗರಣೆ ಘಮಘಮಿಸುತ್ತದೆ, ಅನ್ನಕ್ಕೆ ಕಲಸಿಕೊಂಡರೆ ನೀರು. ಇಷ್ಟಾದರೂ ಎರಡು ಎಂಬ ಅಂಕಿಯನ್ನು ಜನ ದರ್ಜೆ ಎಂದೇ ಓದಿಕೊಂಡರು.

ನಮ್ಮ ಕರ್ನಾಟಕ ಸಂಗೀತದಲ್ಲಿ ಇನ್ನೂ ತಮಾಷೆ. ಇಲ್ಲಿ ಎರಡನೆಯ ಪಿಟೀಲು ಎಂಬುದು ಇಲ್ಲ, ಏಕೆಂದರೆ ಪಿಟೀಲೇ ಎರಡನೆಯದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಯುರೋಪಿಯನ್ನರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಬಂದದ್ದು ಹೊರಗಿನಿಂದ, ನಿಂತು ನುಡಿಸುವ ವಾದ್ಯವಾಗಿ. ನಾವು ಅದನ್ನು ನೆಲದ ಮೇಲೆ ಕೂರಿಸಿ, ತುದಿಯನ್ನು ಕಾಲಿನ ಮೇಲೆ ಒರಗಿಸಿ ಮನೆಯದನ್ನಾಗಿ ಮಾಡಿಕೊಂಡೆವು. ಹೊಸದಾಗಿ ಬಂದ ಸೊಸೆಗೆ ಮಾಡುವ ಹಾಗೆಯೇ ಎನ್ನಿ. ಈಗ ಅದಿಲ್ಲದ ಗಾಯನ ಕಛೇರಿಯನ್ನು ನೆನೆಸಿಕೊಳ್ಳುವುದೇ ಕಷ್ಟ.

ಪಕ್ಕವಾದ್ಯವೇ ಒಬ್ಬರ ಹೆಸರನ್ನು ಎಲ್ಲಿಗೆ ಮುಟ್ಟಿಸಬಹುದು ಎನ್ನುವುದಕ್ಕೆ ನಮ್ಮಲ್ಲಿ ಪಿಟೀಲು ಚೌಡಯ್ಯನವರಿದ್ದಾರೆ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇನ್ನೂ ಎಲ್ಲೆಡೆ ಬಂದಿರದ ಕಾಲದಲ್ಲಿ ಪಿಟೀಲಿನ ದನಿ ಕೊನೆಯ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯದನ್ನು ಮಾಡಿಕೊಂಡರು. ಕೇಳಿಸದೇ ಹೋಗುವುದನ್ನು ಅವರು ಒಪ್ಪಿಕೊಳ್ಳಲಿಲ್ಲ, ನೋಡಿ. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರಲ್ಲಿ ಅವರು ತೀರಿಕೊಂಡ ಮೇಲೆ, 1980ರಲ್ಲಿ, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಭವನ ಎದ್ದಿತು. ಅವರ ಪಕ್ಕದಲ್ಲಿ ಕೂತು ಹಾಡಿದ ಎಷ್ಟೋ ಗಾಯಕರಿಗೆ ಒಂದು ರಸ್ತೆಯ ಹೆಸರೂ ಸಿಕ್ಕಿರಲಾರದು.

ಒಳ್ಳೆಯ ಕಛೇರಿಯಲ್ಲಿ ನಾನು ಹೆಚ್ಚಾಗಿ ನೋಡುವುದು ಪಿಟೀಲಿನವರ ಮುಖವನ್ನು. ಹಾಡುವವರು ಆಲಾಪನೆ ಮಾಡುತ್ತಿದ್ದರೆ ಅವರ ಕಮಾನು ಅರ್ಧ ಉಸಿರು ಹಿಂದೆ, ನೆರಳಿನಂತೆ ಬರುತ್ತಿರುತ್ತದೆ. ಎದುರಿನವರು ಎಲ್ಲಿಗೆ ಹೋಗುತ್ತಾರೋ ಮೊದಲೇ ತಿಳಿದಿಲ್ಲ. ತಿಳಿಯದೆಯೇ ಜೊತೆಗೆ ಹೋಗಬೇಕು. ಅದು ಗುಲಾಮಗಿರಿಯಲ್ಲ, ಬಹಳ ಎಚ್ಚರದ ಕೆಲಸ. ಆಮೇಲೆ ಹಾಡುವವರು ನಿಲ್ಲಿಸುತ್ತಾರೆ. ಅದೇ ರಾಗವನ್ನು ಪಿಟೀಲಿನವರು ತಮಗೆ ಕಂಡಂತೆ ಬೆಳೆಸುತ್ತಾರೆ. ಅಷ್ಟು ಹೊತ್ತು ಹಾಡುವವರು ಕಣ್ಣುಮುಚ್ಚಿ ಕೇಳಬೇಕು, ಭೇಷ್ ಎನ್ನಬೇಕು. ನಡುವೆ ಬಾಯಿ ಹಾಕಿದರೆ ಅದು ಅಸಭ್ಯತೆ. ಸ್ವರಕಲ್ಪನೆಯಲ್ಲಿ ಒಂದು ಸುತ್ತು ಅವರದು, ಒಂದು ಸುತ್ತು ಇವರದು. ಮೃದಂಗದವರಿಗೆ ತನಿ ಆವರ್ತನ ಇದ್ದೇ ಇದೆ. ಆ ಹೊತ್ತಿಗೆ ಸಭಿಕರಲ್ಲಿ ಅರ್ಧ ಜನ ಕಾಫಿಗೆ ಎದ್ದು ಹೋಗುತ್ತಾರೆ ಎನ್ನುವುದು ಬೇರೆ ಮಾತು, ಅದು ನಮ್ಮ ಸಂಸ್ಕಾರದ ಕೊರತೆ. ಆಕಾಶವಾಣಿಯಲ್ಲಿ ಕಛೇರಿ ಮುಗಿದಾಗ ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಎಂದು ಹೆಸರು ಹೇಳುತ್ತಾರೆ. ಸಂಭಾವನೆ ಮುಖ್ಯ ಗಾಯಕರಿಗಿಂತ ಕಡಿಮೆ. ಅದರ ಬಗ್ಗೆ ಕಲಾವಿದರಲ್ಲಿ ಅಸಮಾಧಾನವೂ ಉಂಟು. ಆದರೂ ಸಂಭಾವನೆ ಎಂಬುದೊಂದು ಇದೆ.

ಇಲ್ಲಿಗೆ ನಿಲ್ಲಿಸಿ, ಪಕ್ಕವಾದ್ಯ ಅವಮಾನದ ಮಾತಲ್ಲ ತಾಯಂದಿರಾ, ಬೇಸರ ಪಡಬೇಡಿ ಎಂದು ಹೇಳಿ ಕೈಮುಗಿಯಬಹುದಿತ್ತು. ಎಷ್ಟೋ ಸಭೆಗಳಲ್ಲಿ ಹಾಗೆ ಹೇಳುವುದನ್ನು ಕೇಳಿದ್ದೇನೆ. ಒಮ್ಮೆ ಒಬ್ಬ ಹಿರಿಯ ಅಧಿಕಾರಿಯ ನಿವೃತ್ತಿ ಸಮಾರಂಭಕ್ಕೆ ಹೋಗಿದ್ದೆ. ಭಾಷಣ ಮಾಡಿದವರು ಅವರ ಹೆಂಡತಿಯನ್ನು ವೇದಿಕೆಗೆ ಕರೆದು, ಇವರ ಬದುಕೆಂಬ ಕಛೇರಿಗೆ ಈ ತಾಯಿ 36 ವರ್ಷ ಪಕ್ಕವಾದ್ಯ ನುಡಿಸಿದ್ದಾರೆ ಎಂದರು. ಜೋರು ಚಪ್ಪಾಳೆ. ಆಕೆಗೂ ಒಂದು ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಆಕೆ ಒಂದು ಮಾತೂ ಆಡಲಿಲ್ಲ. ಮೈಕನ್ನು ಆಕೆಯ ಕಡೆ ಯಾರೂ ಚಾಚಲೂ ಇಲ್ಲ. ನನಗೆ ಆಗ ಹೊಳೆದದ್ದು ಇಷ್ಟೇ. ಇದು ಪಕ್ಕವಾದ್ಯವಲ್ಲ. ಪಕ್ಕವಾದ್ಯವಾಗಿದ್ದರೆ 36 ವರ್ಷದಲ್ಲಿ ಒಂದು ಸಲವಾದರೂ ಹಾಡುವವರು ನಿಲ್ಲಿಸಿ, ಈಗ ನಿನ್ನದು ಎನ್ನಬೇಕಿತ್ತಲ್ಲ.

ಹಾಗಾದರೆ ಮನೆಗಳಲ್ಲಿ ಹೆಂಗಸರು ನುಡಿಸುತ್ತಿರುವ ವಾದ್ಯ ಯಾವುದು? ತಂಬೂರಿ ಇರಬೇಕು. ಕಛೇರಿ ಶುರುವಾಗುವ ಮೊದಲೇ ಅದು ಶುರುವಾಗಿರುತ್ತದೆ, ಮುಗಿದ ಮೇಲೆ ನಿಲ್ಲುತ್ತದೆ. ಅದಕ್ಕೊಂದು ಸರದಿಯಿಲ್ಲ. ಅದು ಇಲ್ಲದಿದ್ದರೆ ಯಾರ ಸ್ವರವೂ ನಿಲ್ಲುವುದಿಲ್ಲ, ಇದ್ದರೆ ಯಾರಿಗೂ ಕೇಳಿಸುವುದಿಲ್ಲ. ಒಂದು ತಂತಿ ಇಳಿದಾಗ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಅಡುಗೆಗೆ ಉಪ್ಪು ಹೆಚ್ಚಾದ ದಿನ ಮನೆಯವರೆಲ್ಲ ತಟ್ಟೆಯಿಂದ ತಲೆ ಎತ್ತುವುದಿಲ್ಲವೇ, ಹಾಗೆ. ವೇದಿಕೆಯ ಹಿಂದೆ ಕೂತು ತಂಬೂರಿ ಮೀಟುವವರು ಹೆಚ್ಚಾಗಿ ಶಿಷ್ಯೆಯರು, ಮನೆಯ ಹೆಣ್ಣುಮಕ್ಕಳು. ಅವರ ಹೆಸರು ಕರಪತ್ರದಲ್ಲಿ ಬಂದರೆ ಬಂತು, ಬಿಟ್ಟರೆ ಬಿಟ್ಟಿತು. ಈಗಂತೂ ಆ ಕೆಲಸವನ್ನು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯೋ ಫೋನಿನ ಆ್ಯಪೋ ಮಾಡುತ್ತದೆ, ಗುಂಡಿ ಒತ್ತಿದರೆ ಸಾಕು. ಸೆಕೆಂಡ್ ಫಿಡಲ್ ಆದೆನಲ್ಲ ಎಂದು ಕೊರಗುವ ಗೆಳತಿಯರಿಗೆ ನಾನು ನಗುತ್ತಾ ಹೇಳುವುದುಂಟು, ಅಷ್ಟಾದರೂ ಆಗಿದ್ದರೆ ಚೆನ್ನಾಗಿತ್ತಲ್ಲೇ ಎಂದು.

ಇದು ಬರೀ ಮಾತಿನ ಚಮತ್ಕಾರವಲ್ಲ. ನಿಜವಾದ ಪಕ್ಕವಾದ್ಯದ ಜಾಗಕ್ಕೆ ಹೆಣ್ಣು ಬಂದಾಗ ಏನಾಯಿತು ನೋಡಿ. ಪಾಲ್ಘಾಟ್ ಮಣಿ ಅಯ್ಯರ್ ಮೃದಂಗದಲ್ಲಿ ಮಹಾ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಅವರು ಬಹಳ ವರ್ಷ ಹೆಂಗಸರ ಗಾಯನಕ್ಕೆ ನುಡಿಸಲೇ ಇಲ್ಲ, ಕೊನೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಘಟ ನುಡಿಸುವವರು. ಹುಡುಗಿಯ ಬೆರಳಿಗೆ ಘಟ ಆಗಿಬರದು ಎಂಬ ಮಾತನ್ನು ದಾಟಿಕೊಂಡು ಕಲಿತರು. ಕಲಿತ ಮೇಲೆ, ಘಟದಲ್ಲಿ ಹೆಂಗಸು ಕೂತರೆ ತಾವು ಮೃದಂಗ ನುಡಿಸುವುದಿಲ್ಲ ಎಂದವರಿದ್ದರು. ಅವರು 1995ರಲ್ಲಿ ಸ್ತ್ರೀ ತಾಳ ತರಂಗ ಎಂದು ಹೆಂಗಸರದೇ ಒಂದು ಮೇಳ ಕಟ್ಟಿದರು. ಮನೆಯಲ್ಲಿ ಪಕ್ಕವಾದ್ಯ ನುಡಿಸಮ್ಮ ಎಂದು ಶಾಲು ಹೊದಿಸುವ ಸಮಾಜವೇ ಆಕೆ ವಾದ್ಯ ಹಿಡಿದು ನಿಜವಾಗಿ ಪಕ್ಕಕ್ಕೆ ಬಂದು ಕೂತಾಗ ಚಾಪೆ ಎಳೆದುಕೊಳ್ಳುತ್ತದೆ.

ಇದನ್ನೆಲ್ಲ ಈಗ ಯೋಚಿಸುವಂತೆ ಮಾಡಿದವಳು ಕಂಪ್ಲಿಯಲ್ಲಿರುವ ನನ್ನ ತಂಗಿಯ ಮಗಳು. ಬ್ಯಾಂಕಿನಲ್ಲಿ ಗುಮಾಸ್ತೆ, 18 ವರ್ಷದ ಸರ್ವಿಸು. ಗಂಡನಿಗೆ ಅಲ್ಲೇ ಗೊಬ್ಬರದ ಅಂಗಡಿ. ಐದು ವರ್ಷದ ಹಿಂದೆ ಪ್ರಮೋಷನ್ ಬಂದಾಗ ಅಂಗಡಿಯ ಸಾಲ ಹೊಸದು, ಮಕ್ಕಳು ಸಣ್ಣವರು ಎಂದು ಬಿಟ್ಟಳು. ಈಗ ಮತ್ತೆ ಕಾಗದ ಬಂದಿದೆ. ತೆಗೆದುಕೊಂಡರೆ ಸಂಡೂರಿಗೆ ಹೋಗಬೇಕು. ಕಂಪ್ಲಿಯಿಂದ ಹೊಸಪೇಟೆಗೆ ಬಂದು, ಬಸ್ಸು ಬದಲಾಯಿಸಿ, ಅದಿರಿನ ಲಾರಿಗಳ ಹಿಂದೆ ಗುಡ್ಡ ಹತ್ತಿ ಇಳಿಯಬೇಕು. ದಿನಾ ಹೋಗಿಬರುತ್ತೇನೆಂದರೆ ಬೆಳಿಗ್ಗೆ ಕತ್ತಲಲ್ಲಿ ಬಿಟ್ಟು ರಾತ್ರಿ ಮನೆ ಸೇರುವುದು. ಅತ್ತೆಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಮಗಳು ಹತ್ತನೇ ತರಗತಿ. ನನ್ನ ಮುಂದೆ ಬಂದು ಕೂತು, "ದೊಡ್ಡಮ್ಮ, ಜೀವನಪೂರ್ತಿ ನಾನು ಸೆಕೆಂಡ್ ಫಿಡಲ್ಲೇ ಏನು?" ಎಂದಳು. ಗಂಡ ಏನಂದ ಎಂದು ಕೇಳಿದೆ. "ಅವರು ಬ್ಯಾಡ ಅಂದಿಲ್ಲ. ನಿನ್ನಿಷ್ಟ ಅಂದಾರ."

ನಿನ್ನಿಷ್ಟ ಎನ್ನುವುದು ಕೇಳಲು ಎಷ್ಟು ಹಗುರ, ಹೊರಲು ಎಷ್ಟು ಭಾರ ಎಂಬುದು ಸಂಸಾರಸ್ಥ ಹೆಂಗಸರಿಗೆ ಗೊತ್ತು. ಹಾಡುವವರು ಆಲಾಪನೆಯನ್ನು ಪಿಟೀಲಿಗೆ ಬಿಟ್ಟಾಗ ಬಾಯಿ ಮುಚ್ಚಿಕೊಂಡರೂ ಅಲ್ಲೇ ಕೂತಿರುತ್ತಾರೆ, ಸ್ವರಕಲ್ಪನೆಯಲ್ಲಿ ತೊಡೆಯ ಮೇಲೆ ತಾಳ ಹಿಡಿದಿರುತ್ತಾರೆ. ನಿನ್ನಿಷ್ಟ ಎಂದು ಎದ್ದು ಹೊರಗೆ ಹೋಗುವುದಿಲ್ಲ.

ಅವಳಿಗೆ ಏನು ಹೇಳುವುದು? ಹೋಗು ಎಂದು ಹೇಳಿಬಿಡುವುದು ಸುಲಭ, ಹೊಸ ಕಾಲದ ಮಾತು. ಇರು ಎನ್ನುವುದೂ ಸುಲಭ, ಹಳೆಯ ಕಾಲದ್ದು. ಎರಡರಲ್ಲೂ ನಾನು ಕಳೆದುಕೊಳ್ಳುವುದೇನಿಲ್ಲ. ನನಗೆ ತೊಡಕಾದದ್ದು ಬೇರೆ. ಇನ್ನೊಬ್ಬರಿಗಾಗಿ ತಮ್ಮದನ್ನು ಹಿಂದಕ್ಕೆ ಇಟ್ಟುಕೊಂಡವರನ್ನೆಲ್ಲ ಸೋತವರು ಎಂದು ಲೆಕ್ಕ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮನೆಯನ್ನೇ ನೋಡಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಪದ್ಧತಿಯ ಛಾಯೆ ಅವಳ ಕಂಠಕ್ಕೆ ಹತ್ತಬಾರದೆಂದು ತಾನು ಹಾಡುವುದನ್ನೇ ಬಿಟ್ಟರು. ಮಗಳು ಮುಂದೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ದೇಶಕ್ಕೆಲ್ಲ ಹೆಸರಾದರು. ಗಂಗೂಬಾಯಿಯವರ ಪಕ್ಕದಲ್ಲಿ ಅವರ ಮಗಳು ಕೃಷ್ಣಾ ದಶಕಗಳ ಕಾಲ ಕೂತು ಸಹಗಾಯನ ಮಾಡಿದರು. ಗಂಟಲಿನ ಚಿಕಿತ್ಸೆಯ ನಂತರ ತಾಯಿಯ ದನಿ ಗಂಡುದನಿಯಂತೆ ಗಡುಸಾಗಿತ್ತು; ಅದರ ಪಕ್ಕದಲ್ಲಿ ಮಗಳ ತೆಳುವಾದ ದನಿ. ಕೃಷ್ಣಾ ಅವರು 2004ರಲ್ಲಿ, ತಾಯಿಗಿಂತ ಮೊದಲೇ, ತೀರಿಕೊಂಡರು. ಗಂಗೂಬಾಯಿ 2009ರವರೆಗೆ ಇದ್ದರು. ಒಂದೇ ಮನೆಯಲ್ಲಿ ಒಬ್ಬಾಕೆ ಹಾಡು ನಿಲ್ಲಿಸಿದಳು, ಒಬ್ಬಾಕೆ ಹಾಡಿದಳು, ಒಬ್ಬಾಕೆ ಜೊತೆಗೆ ಹಾಡಿದಳು. ಇವರಲ್ಲಿ ಎರಡನೆಯ ಪಿಟೀಲು ಯಾರು? ಅಂಬಾಬಾಯಿಯ ಮೌನವನ್ನು ಬಲಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಸಂತೋಷದಿಂದ ಬಿಟ್ಟರು ಎಂದು ಪ್ರಮಾಣ ಮಾಡಲೂ ಬರುವುದಿಲ್ಲ. ಒಂದಂತೂ ನಿಜ, ಬಿಡಲು ಆಕೆಯ ಹತ್ತಿರ ಸಂಗೀತವಿತ್ತು. ಅದನ್ನು ಕಲಿತು, ಹಾಡಿ, ತನ್ನದು ಎಂದು ಅನ್ನಿಸಿಕೊಂಡ ಮೇಲೆ ಬಿಟ್ಟರು. ಇದ್ದದ್ದನ್ನು ಬಿಟ್ಟುಕೊಡುವುದು ಬೇರೆ, ಕೈಗೆ ಏನೂ ಕೊಡದೆ ಇವಳು ತ್ಯಾಗಮಯಿ ಎಂದು ಹಾಡಿ ಹೊಗಳುವುದು ಬೇರೆ. ಎರಡಕ್ಕೂ ತ್ಯಾಗ ಎಂಬ ಒಂದೇ ಶಬ್ದ ಬಳಸಿ ನಾವು ಗೊಂದಲ ಮಾಡಿಕೊಂಡಿದ್ದೇವೆ.

ಪುರಂದರದಾಸರ ಕಥೆಯಲ್ಲೂ ನನ್ನ ಕಣ್ಣು ನಿಲ್ಲುವುದು ಇಂಥದೇ ಜಾಗದಲ್ಲಿ. ಕಥೆ ಎಲ್ಲರಿಗೂ ಗೊತ್ತು. ಜಿಪುಣ ಶ್ರೀನಿವಾಸ ನಾಯಕನ ಮನೆಗೆ ಬಡ ಬ್ರಾಹ್ಮಣ ಬಂದು ಬೇಡುತ್ತಾನೆ, ಹೆಂಡತಿ ಸರಸ್ವತಿಬಾಯಿ ಮೂಗುತಿ ಬಿಚ್ಚಿಕೊಡುತ್ತಾಳೆ, ಅದು ಗಂಡನ ಅಂಗಡಿಗೇ ಮಾರಾಟಕ್ಕೆ ಬರುತ್ತದೆ, ಮುಂದೆ ನಾಯಕನ ಕಣ್ಣು ತೆರೆದು ದಾಸನಾಗುತ್ತಾನೆ. ನಮ್ಮಜ್ಜಿ ಈ ಕಥೆ ಹೇಳುವಾಗ ಒಂದು ಮಾತನ್ನು ಒತ್ತಿ ಹೇಳುತ್ತಿದ್ದಳು: ಆ ಮೂಗುತಿ ತವರಿನವರು ಕೊಟ್ಟದ್ದು. ಗಂಡನ ತಿಜೋರಿಗೆ ಅವಳು ಕೈ ಹಾಕಲಿಲ್ಲ. ಆ ದೊಡ್ಡ ಮನೆಯಲ್ಲಿ ಅವಳದು ಎಂದು ಇದ್ದದ್ದು ಅಷ್ಟು ಸಣ್ಣ ಒಂದು ಒಡವೆ, ಅದನ್ನು ಕೇಳದೆ ಕೊಟ್ಟಳು. ಕರ್ನಾಟಕ ಸಂಗೀತದ ಪಿತಾಮಹರ ಹಾಡು ಶುರುವಾದದ್ದು ಅಲ್ಲಿಂದ. ಆಕೆಯನ್ನು ಪಕ್ಕವಾದ್ಯ ಎನ್ನುವುದೋ, ಮೊದಲ ಸ್ವರ ಹಿಡಿದುಕೊಟ್ಟವಳು ಎನ್ನುವುದೋ? ನಮ್ಮ ಗೋಡೆಯ ಮೇಲಿನ ಪಟದಲ್ಲಿ ದಾಸರೊಬ್ಬರೇ ಇದ್ದಾರೆ. ಅವರ ಕೈಯಲ್ಲಿ ತಂಬೂರಿ ಇದೆ ಎಂಬುದು ಮಾತ್ರ ನನಗೆ ಸಮಾಧಾನ. ತಮ್ಮ ಶ್ರುತಿಯನ್ನು ಮೀಟಲು ಅವರು ಹಿಂದೆ ಯಾರನ್ನೂ ಕೂರಿಸಿಕೊಳ್ಳಲಿಲ್ಲ, ತಾವೇ ಮೀಟಿಕೊಂಡು ತಾವೇ ಹಾಡಿದರು.

ತಂಗಿಯ ಮಗಳನ್ನು ಕರೆದುಕೊಂಡು ಆ ಭಾನುವಾರ ಹಂಪಿಗೆ ಹೋದೆ. ಮನೆಯಲ್ಲಿ ಕೂತರೆ ಅವಳ ಫೋನು ಸುಮ್ಮನಿರುವುದಿಲ್ಲ, ಜೀರಿಗೆ ಡಬ್ಬಿ ಎಲ್ಲಿದೆ ಎಂದು ಕೇಳಲೂ ಅಲ್ಲಿಂದ ಕರೆ ಬರುತ್ತದೆ. ವಿಜಯ ವಿಠ್ಠಲನ ಗುಡಿಯಲ್ಲಿ ಸಂಗೀತದ ಕಂಬಗಳನ್ನು ದೂರದಿಂದ ನೋಡಿದೆವು. ನಾವು ಸಣ್ಣವರಿದ್ದಾಗ ತಟ್ಟಿ ಕೇಳಿದ್ದುಂಟು, ಈಗ ತಟ್ಟಲು ಬಿಡುವುದಿಲ್ಲ. ಒಳ್ಳೆಯದೇ, ಎಲ್ಲರೂ ತಟ್ಟಿ ತಟ್ಟಿ ಸವೆಸುತ್ತಿದ್ದರು. ನಡುವೆ ದಪ್ಪನೆಯ ಕಂಬ, ಸುತ್ತ ಸಣ್ಣ ಸಣ್ಣ ಕಂಬಗಳು, ಎಲ್ಲ ಒಂದೇ ಕಲ್ಲಿನಲ್ಲಿ ಕಡೆದದ್ದು. ಸೂರಿನ ಭಾರ ಹೆಚ್ಚಾಗಿ ಹೊರುವುದು ದಪ್ಪನೆಯದು, ನುಡಿಯುವುದು ಸಣ್ಣವು. ಅದನ್ನು ಅವಳಿಗೆ ತೋರಿಸಿ ಏನೋ ದೊಡ್ಡದು ಹೇಳಬೇಕೆಂದುಕೊಂಡೆ. ಅವಳು ಅಷ್ಟರಲ್ಲಿ, "ದೊಡ್ಡಮ್ಮ, ಕಲ್ಲಿಗೆ ಏನು, ಅಲ್ಲೇ ನಿಂತಿರತೈತಿ. ಸಂಡೂರಿಗೆ ಬಸ್ಸು ಹಿಡಿಯೋದು ಇಲ್ಲಲ್ಲ" ಎಂದಳು. ಅವಳ ಮಾತು ಸರಿಯಾಗಿತ್ತು.

ಹೊಳೆಯ ದಂಡೆಯ ಪುರಂದರ ಮಂಟಪಕ್ಕೆ ಇಳಿದು ಕೂತೆವು. ಪುಷ್ಯ ಮಾಸದ ಅಮಾವಾಸ್ಯೆಗೆ ದಾಸರ ಆರಾಧನೆ ನಡೆದಾಗ ಜನ ಸೇರುತ್ತಾರೆ, ಉಳಿದ ದಿನಗಳಲ್ಲಿ ಇಲ್ಲಿ ಗಾಳಿಯದೇ ರಾಜ್ಯ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಈ ಮಂಟಪ ಮುಳುಗುತ್ತದೆ, ಕೆಳಗೆ ಕಂಪ್ಲಿಯ ಸೇತುವೆಯೂ ಮುಳುಗುತ್ತದೆ. ಆ ಹೊತ್ತು ನೀರು ತಣ್ಣಗಿತ್ತು. ಹೋದ ಸಲ ಪ್ರಮೋಷನ್ ಬಿಟ್ಟೆಯಲ್ಲ, ನೀನೇ ಬಿಟ್ಟೆಯೋ, ಬಿಟ್ಟುಹೋಯಿತೋ ಎಂದು ಕೇಳಿದೆ. ಬಹಳ ಹೊತ್ತು ನೀರು ನೋಡಿದಳು. "ಯಾರೂ ಕೇಳಲಿಲ್ಲ ದೊಡ್ಡಮ್ಮ. ನಾನೂ ಹೇಳಲಿಲ್ಲ. ಕಾಗದದ ತಾರೀಖು ದಾಟಿ ಹೋತು." ಆ ಐದು ವರ್ಷದಲ್ಲಿ ಅಂಗಡಿಯ ಸಾಲಕ್ಕೆ ಇವಳ ಸಂಬಳದಿಂದ ಎಷ್ಟು ಹೋಯಿತು ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದಳು. ದಿನವಿಡೀ ಬೇರೆಯವರ ಲೆಕ್ಕ ಇಡುವ ಹುಡುಗಿ.

ಅಂಗಡಿಯ ಬೋರ್ಡಿನ ಮೇಲೆ ನಿನ್ನ ಹೆಸರೂ ಇರಬೇಕಿತ್ತು ಎಂದೆ. ಅವಳು ನಕ್ಕಳು. ಆಮೇಲೆ ಇಬ್ಬರೂ ತಂದಿದ್ದ ರೊಟ್ಟಿ ಬಿಚ್ಚಿ ತಿಂದೆವು. ಹೋಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಇರುವುದಾದರೆ ಈ ಸಲ ಬಾಯಿಬಿಟ್ಟು ಹೇಳಿ ಇರು, ಇಂಥದ್ದನ್ನು ನಾನು ಬಿಡುತ್ತಿದ್ದೇನೆ ಎಂದು ಮನೆಯವರೆಲ್ಲರ ಎದುರಿಗೆ ಹೇಳು. ಹೋಗುವುದಾದರೆ ತಾಳ ಹಿಡಿಯುವವರು ಯಾರು ಎಂದು ಮೊದಲೇ ಕೇಳು ಎಂದಷ್ಟೇ ಹೇಳಿದೆ. ಅವಳಿಗೆ ಅದು ಸಾಲಲಿಲ್ಲ ಎಂದು ಮುಖದಲ್ಲೇ ತಿಳಿಯಿತು. ದೊಡ್ಡಮ್ಮ ಒಂದು ನಿಕ್ಕಿ ಉತ್ತರ ಕೊಡಬಾರದೇ ಎಂಬ ಸಣ್ಣ ಸಿಟ್ಟಿನಲ್ಲೇ ಕಂಪ್ಲಿ ಬಸ್ಸು ಹತ್ತಿದಳು.

ಬುಧವಾರ ರಾತ್ರಿ ಫೋನು ಮಾಡಿದ್ದಳು. ಊಟಕ್ಕೆ ಕೂತಾಗ ಗಂಡ ಮತ್ತೆ ನಿನ್ನಿಷ್ಟ ಎಂದನಂತೆ. ಇವಳು ಸೌಟು ಕೆಳಗಿಟ್ಟು, "ನಿನ್ನಿಷ್ಟ ಅನ್ನಬ್ಯಾಡ್ರಿ. ನಾನು ಸಂಡೂರಿಗೆ ಹೋದ್ರ ಬೆಳಿಗ್ಗೆ ಅತ್ತೆಗೆ ಗುಳಿಗೆ ಕೊಡೋರು ಯಾರು, ಹುಡುಗಿ ಡಬ್ಬಿ ಕಟ್ಟೋರು ಯಾರು, ಅದನ್ನ ಹೇಳ್ರಿ" ಎಂದಳಂತೆ. ಅತ್ತೆ ಒಳಗಿನಿಂದ, ನನ್ನ ಗುಳಿಗೆ ನಾನು ತಗೋತೀನಿ, ನನ್ನನ್ನ ಯಾಕ ಅಡ್ಡ ಹಿಡೀತೀರಿ ಎಂದರಂತೆ. ಗಂಡ ಏನೂ ಹೇಳದೆ ಊಟ ಮುಗಿಸಿ ಕೈ ತೊಳೆದನಂತೆ. "ಆಮ್ಯಾಲೆ?" ಎಂದೆ.

"ಆಮ್ಯಾಲೆ ಮೊದಲನೇ ಬಸ್ಸು ಎಷ್ಟಕ್ಕೈತಿ ಅಂತ ಕೇಳಿದ್ರು."

ಕಾಗದಕ್ಕೆ ಉತ್ತರ ಕೊಡಲು ಅವಳಿಗೆ ಇನ್ನೂ ಎಂಟು ದಿನವಿದೆ.